ನೀಲಮ್ಮನ ರೆಕಾರ್ಡಿನ ಮೇಲಿನ ಚಾರಾಣೆ

ಶಿವಪುತ್ರಪ್ಪನವರ ಮನೆಗೆ ಯಾರೇ ಬರಲಿ, ಮೊದಲು ಕೈ ತೋರಿಸಬೇಕಿತ್ತು. ಎಣ್ಣೆ, ಸುಣ್ಣ, ಬೆವರು ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೆ, "ಬರ್ರಿ ಮಾಸ್ತರ, ಕುಂದರ್ರಿ. ಆ ಪೆಟಗಿ ಬಾಜು ಮಾತ್ರ ಬ್ಯಾಡ" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ಕುಂದಗೋಳದಲ್ಲಿ ಮಾಸ್ತರನಾಗಿದ್ದಾಗ ನಾನು ಅವರ ಪಕ್ಕದ ಮನೆಯಲ್ಲಿದ್ದೆ. ಹೊಲ, ಹತ್ತಿ, ಎತ್ತುಗಳ ವಿಷಯದಲ್ಲಿ ಅವರು ಯಾರನ್ನು ಬೇಕಾದರೂ ನಂಬುತ್ತಿದ್ದರು. ರೆಕಾರ್ಡ್ ಪ್ಲೇಯರ್ ವಿಷಯದಲ್ಲಿ ಹೆಂಡತಿಯನ್ನೂ ನಂಬುತ್ತಿರಲಿಲ್ಲ.

ಅದು ಸೆಲ್ ಹಾಕಿ ನಡೆಸುವ, ಮುಚ್ಚಳದಲ್ಲೇ ಸ್ಪೀಕರ್ ಇದ್ದ ಪೆಟ್ಟಿಗೆ. ಅವರಲ್ಲಿದ್ದ ರೆಕಾರ್ಡುಗಳಲ್ಲಿ ಒಂದು ಅವರ ತಂಗಿ ನೀಲಮ್ಮನದು. ಮದುವೆಗೆ ಮುಂಚೆ ಆಕೆ ಹಾಡಿದ ವಚನಗಳು. ಅಳ್ನಾವರದ ಸೊಸೆಯಾದ ಮೇಲೆ ಆಕೆ ಹಾಡುವುದನ್ನು ಬಿಟ್ಟಿದ್ದರು. ಅಂಥ ರೆಕಾರ್ಡು ಇನ್ನೊಂದು ಎಲ್ಲೂ ಉಳಿದಿರಲಿಲ್ಲ.

ಒಂದು ಬೇಸಿಗೆಯಲ್ಲಿ ನೀಲಮ್ಮನ ದನಿ ಒಡೆಯತೊಡಗಿತು. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಬಟ್ಟೆ ಹರಿದಂಥ ಸದ್ದು.

ಮೊದಲ ಅನುಮಾನ ಅಂಗಡಿಯವನ ಮೇಲೆ. "ಹಳೇ ಸೆಲ್ಲಿಗೆ ಹೊಸಾ ಕಾಗದ ಸುತ್ತ್ಯಾನ್ರಿ ಅವ." ಸೆಲ್ಲು ಬದಲಾದವು, ದನಿ ಬದಲಾಗಲಿಲ್ಲ. ಆಮೇಲೆ ಹೆಂಡತಿ ಗಂಗವ್ವ. "ಕಸಾ ಹೊಡಿಯೂ ಮುಂದ ಸೂಜಿಗೆ ಕೈ ತಾಗಸ್ಯಾಳ."

ಒಳಗಿನಿಂದ ಗಂಗವ್ವ ಅಂದರು: "ಆ ಪೆಟಗಿ ಮುಟ್ಟೂದಕ್ಕಿಂತ ಹುತ್ತದಾಗ ಕೈ ಹಾಕೂದು ಚಲೋ."

ಕೊನೆಗೆ ಹುಬ್ಬಳ್ಳಿಗೆ ಹೋಗಿ ಸೂಜಿ ಸಮೇತ ಅದನ್ನು ಹಿಡಿಯುವ ಕಾರ್ಟ್ರಿಜ್ಜನ್ನೇ ಹೊಸದು ಹಾಕಿಸಿಕೊಂಡು ಬಂದರು. "ಕಣ್ಣ ಮುಂದ ಹಾಕಸೀನ್ರಿ. ರಿಪೇರಿಯಾಂವ ನೀರ ಕುಡ್ಯಾಕ ಎದ್ರ ನಾನೂ ಎದ್ದೆ." ಬೇರೆ ರೆಕಾರ್ಡುಗಳು ತಿಳಿಯಾಗಿ ನುಡಿದವು. ನೀಲಮ್ಮನ ದನಿ ಮಾತ್ರ ಒಡೆಯಿತು.

ಅಂದು ಸಾಕ್ಷಿಗೆಂದು ಮೊದಲ ಬಾರಿ ನನ್ನನ್ನು ಪೆಟ್ಟಿಗೆಯ ಹತ್ತಿರ ಕರೆದರು. ಸೂಜಿ ಹಿಡಿದ ತೋಳಿನ ತುದಿಯಲ್ಲಿ ಒಂದು ಚಾರಾಣೆ ನಾಣ್ಯ ಕೂತಿತ್ತು.

"ಇದ್ಯಾಕ್ರಿ?"

"ಭಾರ ಇಲ್ಲಂದ್ರ ಸೂಜಿ ಜಿಗಿತೈತ್ರಿ. ರೆಕಾರ್ಡು ಸ್ವಲ್ಪ ಸೊಟ್ಟ ಐತಿ."

"ಎಲ್ಲಾ ರೆಕಾರ್ಡಿಗೂ ಇಡ್ತೀರೇನು?"

"ಬ್ಯಾರೇವು ಜಿಗದ್ರ ಜಿಗೀಲಿ. ತಂಗಿ ಹಾಡಿನಾಗ ಒಂದು ಅಕ್ಷರ ತಪ್ಪಬಾರದು."

ಆಗ ನಾನು ಸುಮ್ಮನಿದ್ದೆ ಎನ್ನುತ್ತದೆ ನೆನಪು. ಅದಕ್ಕೆ ನನ್ನನ್ನು ಸಭ್ಯನನ್ನಾಗಿ ತೋರಿಸುವ ಚಾಳಿಯಿದೆ. ಏನೋ ಅಂದಿರಬೇಕು. ಇಲ್ಲದಿದ್ದರೆ ಅವರು ಚಾರಾಣೆ ಎತ್ತಿಟ್ಟು, ಭೂತಗನ್ನಡಿ ಹಿಡಿದು ಅಷ್ಟು ಹೊತ್ತು ಬಗ್ಗುತ್ತಿರಲಿಲ್ಲ. ಚಾರಾಣೆಯ ಭಾರಕ್ಕೆ ರೆಕಾರ್ಡಿನ ಕಪ್ಪು ಗೆರೆಗಳು ಸವೆದು ಬೂದು ಬಣ್ಣಕ್ಕೆ ತಿರುಗಿದ್ದವು.

"ಅಂದ್ರ ನಾನೇ ಕೆರದೀನಿ ಅಂತೀರಿ" ಎಂದರು. ಅದಕ್ಕೆ ನಾನೇನು ಹೇಳಿದೆನೆಂಬುದಂತೂ ನಿಜವಾಗಿಯೂ ನೆನಪಿಲ್ಲ.

ನಾಗರ ಪಂಚಮಿಗೆ ನೀಲಮ್ಮ ತವರಿಗೆ ಬಂದರು. ಅವರ ಕೈಯಲ್ಲಿ ಉಂಡಿಯ ತುಪ್ಪ ಮೆತ್ತಿತ್ತು. ಶಿವಪುತ್ರಪ್ಪನವರು ಅವರನ್ನು ದೂರವೇ ಕೂರಿಸಿ ರೆಕಾರ್ಡು ಹಾಕಿದರು. ಕೇಳಿ ನೀಲಮ್ಮ ನಕ್ಕರು.

"ಅಣ್ಣಾ, ಏನೂ ಕೆಟ್ಟಿಲ್ಲ. ಅವತ್ತ ನನಗ ಅಗದಿ ನೆಗಡಿ ಆಗಿತ್ತು. ಮೊದಲಿಂದ ಹಿಂಗ ಐತಿ ಇದು."

"ಸುಳ್ಳ ಹೇಳಾಕತ್ತಿ."

"ಹಾಡಿದಾಕಿ ನಾನು. ನಿನಗೇನ್ ಗೊತ್ತು?"

"ಕೇಳಿದಾಂವ ನಾನು" ಎಂದರು ಶಿವಪುತ್ರಪ್ಪ. "ಖರೇ ಇದ್ರ ಈಗ ಹಾಡು, ನೋಡೂಣು."

ನೀಲಮ್ಮ ಕೈಯೊರೆಸಿಕೊಂಡು ಹಾಡಿದರು. ಎಷ್ಟೋ ವರ್ಷಗಳ ಮೇಲೆ. ಗಂಗವ್ವ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತರು. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು, ರೆಕಾರ್ಡಿನಲ್ಲಿ ಒಡೆಯುವ ಜಾಗದಲ್ಲೇ.

"ಬೇಕಂತ ಒಡದಿ" ಎಂದರು ಅಣ್ಣ. ತಂಗಿ ಇನ್ನೊಂದು ಉಂಡಿ ಮುರಿದು ಅವರ ಕೈಗಿಟ್ಟರು. ಅದನ್ನೂ ಅವರು ತಿರುಗಿಸಿ ನೋಡಿಯೇ ಬಾಯಿಗೆ ಹಾಕಿಕೊಂಡರು.

ನನಗೆ ವರ್ಗವಾಯಿತು. ಹೊರಡುವ ದಿನ ಹೇಳಿ ಹೋಗಲು ಅವರ ಬಾಗಿಲಿಗೆ ಬಂದೆ. ಒಳಗೆ ಅವರು ಬೆನ್ನು ಮಾಡಿ ಕೂತಿದ್ದರು. ನೀಲಮ್ಮನ ರೆಕಾರ್ಡು ತಿರುಗುತ್ತಿತ್ತು, ತೋಳಿನ ಮೇಲೆ ಚಾರಾಣೆ ಇರಲಿಲ್ಲ. ಮೇಲಿನ ಸ್ವರದ ಹತ್ತಿರ ಬಂದ ಸೂಜಿ ಜಿಗಿದು ಮುಂದೆ ಹೋಯಿತು. ಜಿಗಿದು ಬಿಟ್ಟುಹೋದ ಅಕ್ಷರಗಳನ್ನು ಶಿವಪುತ್ರಪ್ಪನವರು ತಮ್ಮ ಒರಟು ದನಿಯಲ್ಲಿ ತಾವೇ ಹಾಡಿ ತುಂಬಿದರು. ಮತ್ತೆ ಜಿಗಿಯಿತು, ಮತ್ತೆ ತುಂಬಿದರು.

ನನ್ನ ನೆರಳು ಕಂಡು ತಿರುಗಿದರು.

"ಎಷ್ಟೊತ್ತಾತ್ರಿ ಬಂದು?"

"ಈಗ ಬಂದೆ."

ಅವರು ನಂಬಲಿಲ್ಲ.