ಬತ್ತೀನಿ ಎಂದರೆ ಹೋಗುವುದು

ನಮ್ಮ ಕಡೂರು ಸೀಮೆಯಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ, ಗಮನಿಸಿದ್ದೀರಾ? ಸಂತೆಗೆ ಹೊರಟವರು, ಬಸ್ಸಿಗೆ ಓಡುವವರು, ಕೊನೆಗೆ ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೊರಟ ಹೆಂಗಸು ಕೂಡ ಹೊಸ್ತಿಲ ಮೇಲೆ ನಿಂತು "ಬತ್ತೀನಿ" ಅನ್ನುತ್ತಾಳೆ. ಅಂದವಳು ಬೆನ್ನು ತಿರುಗಿಸಿ ಹೊರಟೇಬಿಡುತ್ತಾಳೆ. ಹೋಗುತ್ತೇನೆ ಅನ್ನುವುದು ಅಪಶಕುನ. ಒಡೆದ ಬಳೆಗೆ ನಾವು 'ಹೆಚ್ಚಿತು' ಅನ್ನುತ್ತೇವೆ, ಆರಿದ ದೀಪಕ್ಕೆ 'ಶಾಂತವಾಯಿತು' ಅನ್ನುತ್ತೇವೆ. ಕೆಟ್ಟದ್ದರ ಹೆಸರು ಹಿಡಿದು ಕರೆಯದಿದ್ದರೆ ಅದು ನಮ್ಮ ಮನೆಯ ದಾರಿ ಮರೆತೀತು ಎಂಬ ಆಸೆ. ದೊಡ್ಡವರಿಗೆ ಇದೆಲ್ಲ ಅರ್ಥವಾಗುತ್ತದೆ. ಎರಡು ತುಂಬದ ಕೂಸಿಗೆ ಆಗಬೇಕಲ್ಲ?

ನನ್ನ ಮಗಳು ಗಿರಿಜೆ ಆ ವಯಸ್ಸಿನವಳಿದ್ದಾಗ, ಎಪ್ಪತ್ತರ ದಶಕದ ಮೊದಲಲ್ಲಿ, ನಾನು ಹೊಲಿಗೆ ಮಿಷನ್ ಕಂಪನಿಯೊಂದರ ಕೆಲಸದಲ್ಲಿದ್ದೆ. ಮಿಷನ್ ಮಾರುವುದು ಅಂಗಡಿಯವರ ಪಾಲಿಗೆ. ಕೊಂಡವರ ಊರಿಗೆ ಹೋಗಿ, ದಾರ ಪೋಣಿಸುವುದರಿಂದ ಹಿಡಿದು ರವಿಕೆ ಹೊಲಿಯುವವರೆಗೆ ಹೆಂಗಸರಿಗೆ ಕಲಿಸಿಕೊಡುವುದು ನನ್ನ ಪಾಲಿಗೆ. ತರೀಕೆರೆ, ಅಜ್ಜಂಪುರ, ಶಿವನಿ, ಹಿರೇನಲ್ಲೂರು ಎಂದು ಬಸ್ಸು ಇಳಿದು ರೈಲು, ರೈಲು ಇಳಿದು ಬಸ್ಸು. ಹೋದಲ್ಲೆಲ್ಲ 'ಮಿಷನ್ ಟೀಚರಮ್ಮ' ಅನ್ನುತ್ತಿದ್ದರು. ಮೆಟ್ರಿಕ್ಕಿನಲ್ಲಿ ಗಣಿತ ನನಗೆ ಕೈಕೊಟ್ಟ ಸಂಗತಿ ಆ ಊರುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲವಾಗಿ, ನಾನೂ ಟೀಚರಮ್ಮನ ಹಾಗೆಯೇ ಕತ್ತು ನೆಟ್ಟಗಿಟ್ಟುಕೊಂಡು ನಡೆಯುತ್ತಿದ್ದೆ.

ಮಗುವನ್ನು ನೋಡಿಕೊಳ್ಳುತ್ತಿದ್ದವರು ನಮ್ಮತ್ತೆ. ಮೊದಲ ಸಲ ಹೊರಡುವಾಗ ಬಸ್ಸಿನ ಅವಸರದಲ್ಲಿ "ಹೋಗ್ತೀನಿ ಅತ್ತೆ" ಅಂದುಬಿಟ್ಟೆ.

"ಥೂ, ಬಿಡ್ತು ಅನ್ನು! ಹೋಗ್ತೀನಿ ಅಂತಾರೇನೇ? ಕೂತ್ಕೊ ಇಲ್ಲಿ. ಒಂದು ಗುಟುಕು ನೀರು ಕುಡ್ದು, ಬತ್ತೀನಿ ಅಂತ ಹೇಳಿ ಹೊರಡು."

ಕೂತೆ, ಕುಡಿದೆ, ಹೇಳಿದೆ, ಹೊರಟೆ. ಅತ್ತೆಯ ಸೊಂಟದ ಮೇಲಿದ್ದ ಗಿರಿಜೆ ಇದನ್ನೆಲ್ಲ ಕಣ್ಣು ಪಿಳುಕಿಸದೆ ನೋಡಿದಳು. ಆಮೇಲೆ ಪ್ರತಿ ಪ್ರಯಾಣಕ್ಕೂ ಇದೇ ಶಾಸ್ತ್ರ. ನೋಡಿ ನೋಡಿ ಅವಳು ತನ್ನದೇ ಒಂದು ವ್ಯಾಕರಣ ಕಟ್ಟಿಕೊಂಡಳು. ಬೆಕ್ಕು ಗೋಡೆ ಹಾರಿದರೆ "ಬೆಕ್ಕು ಬತ್ತೀನಿ." ಬಟ್ಟಲಲ್ಲಿ ಹಾಲು ಮುಗಿದರೆ "ಹಾಲು ಬತ್ತೀನಿ." ರೈಲು ಕೂಗಿ ದೂರವಾದರೆ "ರೈಲು ಬತ್ತೀನಿ." ಕಣ್ಣೆದುರು ಇದ್ದದ್ದು ಇಲ್ಲವಾಗುವುದಕ್ಕೆಲ್ಲ ಅದೊಂದೇ ಮಾತು. ಪಂಡಿತರು ಏನೇ ಅನ್ನಲಿ, ತಾನು ಕಂಡದ್ದಕ್ಕೆ ಸರಿಯಾಗಿ ಒಂದು ಪದಕ್ಕೆ ಅರ್ಥ ಹಚ್ಚಿದ ಮಗಳ ಮೇಲೆ ನನಗೆ ಹೆಮ್ಮೆಯೇ ಆಯಿತು.

ಒಂದು ಸಲ ಅಜ್ಜಂಪುರದಲ್ಲಿ ವಾರವಿಡೀ ನಿಲ್ಲಬೇಕಾಯಿತು. ಕೊಬ್ಬರಿ ವ್ಯಾಪಾರದವರ ಮನೆ. ಜಗುಲಿಯ ಮೇಲೆ ಮಿಷನ್, ಸುತ್ತ ಆ ಬೀದಿಯ ಹೆಂಗಸರೆಲ್ಲ. ಹೊಸಬರು ಪೆಡಲ್ ಒತ್ತಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ, ದಾರ ಗಂಟುಬೀಳುತ್ತದೆ. ಪಾದ ಮುಂದಕ್ಕೆ, ಚಕ್ರ ಹಿಂದಕ್ಕೆ. ನನ್ನ ಅವಸ್ಥೆಯೂ ಹಾಗೇ ಇತ್ತು. ಕೈ ಅಜ್ಜಂಪುರದಲ್ಲಿ ಹೊಲಿಯುತ್ತಿತ್ತು, ಜೀವ ಕಡೂರಿನ ಕಡೆಗೇ ತಿರುಗುತ್ತಿತ್ತು.

ಆ ಮನೆಯ ಅಜ್ಜಿ ಎಲೆಯಡಿಕೆ ಹಾಕುತ್ತಾ ಕೇಳಿದರು: "ಮಗೀನ ಬಿಟ್ಟು ಬಂದಿದೀಯೇನವ್ವಾ? ಇಷ್ಟೊಂದು ದಿನ ಬಿಟ್ರೆ ಗುರ್ತು ಮರೀತಾವೆ ಕಣೇ. ನಮ್ಮೆಮ್ಮೆ ಕರ ಹಂಗೇ ಮಾಡ್ತು."

"ನನ್ನ ಮಗಳೇನು ಎಮ್ಮೆ ಕರಾನೇನಜ್ಜಿ?" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾತು ಸೂಜಿಯ ಹಾಗೆ ಒಳಗೇ ಉಳಿಯಿತು. ನಿಜವಾಗಿಯೂ ಮರೆತುಬಿಟ್ಟರೆ?

ಸುಮ್ಮನಿರಲಾರದೆ, ಕಲಿಸಲು ತಂದಿದ್ದ ಹೂವಿನ ಚೀಟಿಬಟ್ಟೆಯಲ್ಲಿ ಒಂದು ಪುಟ್ಟ ಫ್ರಾಕ್ ಕತ್ತರಿಸತೊಡಗಿದೆ. "ಅಳತೆ ಇಲ್ದೇನೇ ಕತ್ತರಿ ಹಾಕ್ತೀರಲ್ಲ ಟೀಚರಮ್ಮ!" ಎಂದು ಅಜ್ಜಿಯ ಸೊಸೆ ಬೆರಗಾದಳು. ಎಡಗೈ ಮಡಚಿ ತೋರಿಸಿದೆ. ಗಿರಿಜೆ ತಲೆಯಿಟ್ಟು ಮಲಗುವುದು ಮೊಣಕೈ ಮಡಿಕೆಯಲ್ಲಿ, ಅವಳ ಮಂಡಿ ಬರುವುದು ಬೆರಳ ತುದಿಗೆ. ಇದಕ್ಕಿಂತ ಒಳ್ಳೆಯ ಟೇಪು ಯಾವ ಕಂಪನಿ ಮಾಡೀತು? ವಾರ ಮುಗಿಯುವಷ್ಟರಲ್ಲಿ ಆ ಸೊಸೆ ತಾನೇ ಹೊಲಿದ ರವಿಕೆ ತೊಟ್ಟು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದಳು. ಅಜ್ಜಿ ನನಗೆ ಕೊಬ್ಬರಿ ಗಿಟುಕು ಕೊಟ್ಟು, "ಹೋಗವ್ವಾ, ಮಗಾ ನೋಡ್ಕೋ ಹೋಗು," ಅಂದವರು ನಾಲಿಗೆ ಕಚ್ಚಿಕೊಂಡು, "ಹೋಗಿ ಬಾ" ಎಂದು ತಿದ್ದಿಕೊಂಡರು.

ಕಡೂರಿನಲ್ಲಿ ರೈಲಿಳಿದು ಮನೆಗೆ ಓಡಿದ್ದೇ ಸರಿ. ಬಾಗಿಲಲ್ಲಿ ನಿಂತು, "ಬಂದೆ ಕಣೇ ಕಂದಾ!" ಅಂದೆ.

ಗಿರಿಜೆ ಒಮ್ಮೆ ನೋಡಿದಳು. ಅತ್ತೆಯ ಸೆರಗಿನೊಳಗೆ ನುಗ್ಗಿ ಮುಖ ಮುಚ್ಚಿಕೊಂಡಳು. ಕೈ ಚಾಚಿದೆ, ಬರಲಿಲ್ಲ. ಫ್ರಾಕ್ ತೋರಿಸಿದೆ, ಸೆರಗಿನ ಸಂದಿಯಿಂದ ಒಂದು ಕಣ್ಣು ಮಾತ್ರ ಇಣುಕಿ ಒಳಗೆ ಹೋಯಿತು. ಎಮ್ಮೆ ಕರದ ನೆನಪಾಯಿತು. ಅತ್ತೆಯ ಮುಂದೆ ಅಳಬಾರದೆಂದು, "ಕೈಕಾಲು ತೊಳ್ಕೊಂಡು ಬತ್ತೀನಿ ಅತ್ತೆ" ಎಂದು ಹಿತ್ತಿಲ ಕಡೆಗೆ ತಿರುಗಿದೆ.

ಅಷ್ಟೇ. ಹಿಂದಿನಿಂದ ಒಂದು ಚೀತ್ಕಾರ ಎದ್ದಿತು. ಸೆರಗು ಬಿಸಾಕಿ, ಬಿದ್ದು ಎದ್ದು ಓಡಿಬಂದ ಗಿರಿಜೆ ನನ್ನ ಮಂಡಿಗಳನ್ನು ತಬ್ಬಿ ಹಿಡಿದು ಕಿರುಚುತ್ತಿದ್ದಳು: "ಬತ್ತೀನಿ ಬ್ಯಾಡ! ಬತ್ತೀನಿ ಬ್ಯಾಡ!"

ಎಷ್ಟೋ ಹೊತ್ತು ಕೈಕಾಲು ತೊಳೆಯುವುದು ಆಗಲೇ ಇಲ್ಲ. ಆಮೇಲೆ ಫ್ರಾಕ್ ತೊಡಿಸಿದರೆ ಮಂಡಿಗಿಂತ ಮೇಲೆಯೇ ನಿಂತಿತು. ಟೀಚರಮ್ಮನ ಕತ್ತು ಬಾಗಿತು. ಅತ್ತೆ ಅಂಚನ್ನು ಎಳೆದು ನೋಡಿ, "ನಿನ್ನ ಅಳತೆ ಸರಿಯಾಗೇ ಐತೆ ಕಣೇ, ಮಗೂನೇ ಬೆಳ್ಕೊಂಡ್ಬಿಟ್ಟದೆ" ಅಂದರು. ಒಂದು ವಾರದಲ್ಲಿ ಅಷ್ಟೊಂದು ಬೆಳೆಯುತ್ತಾರೆಯೇ ಎಂದು ನಾನು ಕೇಳಲಿಲ್ಲ. ಮರುದಿನ ಅತ್ತೆ ಅದೇ ಫ್ರಾಕ್ ಹಾಕಿಸಿ ಮಗುವನ್ನು ಬೀದಿಯ ಮನೆಗಳಿಗೆಲ್ಲ ಹೊತ್ತು ತಿರುಗಿದರು. "ನನ್ನ ಸೊಸೆ ಅಜ್ಜಂಪುರದೋರಿಗೆಲ್ಲ ಹೊಲಿಗೆ ಕಲ್ಸಿ ಬಂದವ್ಳೆ" ಎಂದು ಅವರು ಹೇಳುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಕೇಳಿಸಲೆಂದೇ ಹೇಳುತ್ತಿದ್ದರೋ ಏನೋ.

ಹದಿನೆಂಟು ತುಂಬಿದ ಗಿರಿಜೆ ಮೊನ್ನೆ ನರ್ಸ್ ತರಬೇತಿಗೆ ಶಿವಮೊಗ್ಗಕ್ಕೆ ಹೊರಟಳು. ಬಿಳಿ ಸಮವಸ್ತ್ರ ನಾನೇ ಹೊಲಿದದ್ದು, ಈ ಸಲ ಟೇಪು ಹಿಡಿದು. ಅವಳ ಅಜ್ಜಿ ಹೇಳುವ ಮೊದಲೇ ಒಂದು ಗಳಿಗೆ ಕೂತಳು, ನೀರು ಕುಡಿದಳು, ಹೊಸ್ತಿಲ ಮೇಲೆ ಎದೆ ಸೆಟೆಸಿ ನಿಂತಳು. "ಬತ್ತೀನಿ ಕಣಮ್ಮಾ."

ಅವಳ ಹಳೆಯ ವ್ಯಾಕರಣ ಎಷ್ಟು ಸರಿಯಾಗಿತ್ತೆಂದು ನನಗೆ ಆಗ ಪೂರ್ತಿ ತಿಳಿಯಿತು. ಮಂಡಿ ತಬ್ಬಿ ಹಿಡಿಯುವ ವಯಸ್ಸು ನನ್ನದಲ್ಲ. ಅದಕ್ಕೇ ಅವಳ ಕಾಲರು ಸರಿಪಡಿಸಿ, ನನ್ನ ಕತ್ತನ್ನೂ ನೆಟ್ಟಗೆ ಮಾಡಿಕೊಂಡು, "ಬಾ" ಅಂದೆ.

ಹೋದಳು.