ಬೇವಿನ ಮರದ ಆಚೆಗಿನ ಗೆರೆ

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ನನ್ನ ಅಜ್ಜನ ಮಾತಿಗೆ ಎದುರಾಡುವವರೇ ಇರಲಿಲ್ಲ. ಇರುವುದಾದರೂ ಹೇಗೆ? ಶಿರಹಟ್ಟಿ, ಮುಂಡರಗಿಯ ನಡುವೆ, ಹಳೆಯ ಸಂಸ್ಥಾನದ ಗಡಿಯಲ್ಲಿ ಬರೀ ಜಾಲಿ ಬೆಳೆದಿದ್ದ ನೆಲದಲ್ಲಿ ಹಗ್ಗ ಹಿಡಿದು, ಸುಣ್ಣದ ಗೆರೆ ಎಳೆದು ಊರು ಕಟ್ಟಿದವನೇ ಅವನು. ಸಂಸ್ಥಾನದ ಕಾಲದಲ್ಲಿ ನ್ಯಾಯಾಧೀಶ, ಆಮೇಲೆ ಒಂದು ಸಲ ಶಾಸಕ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಎಂಬತ್ತು ದಾಟಿದ್ದ. ಆದರೂ ಯಾರೇ ಗೋಡೆ ಕಟ್ಟಲಿ, ಮೊದಲು ಅಜ್ಜ ಬಂದು ಕೋಲೂರಿ ಗೆರೆ ತೋರಿಸಬೇಕು.

ಆ ಬೇಸಿಗೆಯಲ್ಲಿ ಅಪ್ಪ ನಮ್ಮ ಹಿತ್ತಲಿಗೆ ಗೋಡೆ ಕಟ್ಟಿಸಲು ಹೊರಟ. ಆಚೆಗೆ ಪಕ್ಕದ ಮನೆಯ ಚಾಚಿಯ ಹಿತ್ತಲು; ನಾವೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದೆವು. ಗಂಡನಿಲ್ಲದ ಚಾಚಿ ತನ್ನ ಬೇವಿನ ಮರದ ನೆರಳಿನಲ್ಲಿ ಕುಳಿತು ಊರಿನವರಿಗೆ ಹೊದೆಯಲು ಕೌದಿ ಹೊಲಿದೇ ಬದುಕುತ್ತಿದ್ದಳು. ತೊಳೆದ ಹಳೆಯ ಸೀರೆಗಳ ವಾಸನೆ, ಉದುರುವ ಬೇವಿನ ಹೂವು. ನಾನು ಅವಳ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಮರದ ಈಚೆ, ನಮ್ಮ ಕಡೆಗೆ, ಅರ್ಧ ಹೂತ ಗಡಿಕಲ್ಲೊಂದು ಇತ್ತು. ಅದು ಊರಿಗೆಲ್ಲ ಗೊತ್ತು.

ಬೆಳಿಗ್ಗೆ ನಾಲ್ಕು ಜನ ಸೇರಿದರು. ಅಜ್ಜ ಬಂದವನು ಕಲ್ಲನ್ನು ದಾಟಿ, ಮರವನ್ನೂ ದಾಟಿ, ಆಚೆ ಕೋಲೂರಿದ.

"ಇದ ಗೆರಿ. ನಾನ ಎಳದದ್ದು," ಎಂದ.

ಸೇರಿದವರೆಲ್ಲ ಕಾಲಡಿಯ ನೆಲ ನೋಡಿದರು. ತಪ್ಪು ಎಂದರೆ ಅಜ್ಜನಿಗೆ ಅರಳುಮರಳು ಎಂದು ಊರ ಮುಂದೆ ಸಾರಿದಂತೆ. ನಾನು ಅಪ್ಪನ ಧೋತರ ಜಗ್ಗಿ, "ಅಪ್ಪಾ, ಕಲ್ಲ ಇಲ್ಲೈತಿ," ಎಂದೆ. ಅಪ್ಪ ನನ್ನ ಕೈಯನ್ನು ನೋಯುವಷ್ಟು ಒತ್ತಿ ಹಿಡಿದ.

"ಏನವಾ, ನಿನಗ ಒಪ್ಪಿಗಿ ಐತಿಲ್ಲೋ?" ಅಜ್ಜ ಚಾಚಿಯನ್ನು ಕೇಳಿದ.

ಚಾಚಿ ಕಲ್ಲನ್ನೊಮ್ಮೆ, ಅಜ್ಜನನ್ನೊಮ್ಮೆ ನೋಡಿದಳು. "ನಮಗ ಈ ಜಾಗಾ ಕೊಟ್ಟಾವ್ರ ನೀವು. ನೀವು ಹೇಳಿದ ಮ್ಯಾಲ ಮುಗೀತ್ರಿ ಸಾಹೇಬ್ರ," ಎಂದಳು.

ವಾರದೊಳಗೆ ಗೋಡೆ ಎದ್ದಿತು. ಅಪ್ಪ ಗೆರೆಯನ್ನು ಗುಟ್ಟಾಗಿ ಕಲ್ಲಿನ ಕಡೆ ಜರುಗಿಸೋಣವೆಂದರೆ ಅಜ್ಜ ದಿನವಿಡೀ ಅಲ್ಲೇ ನಿಂತಿರುತ್ತಿದ್ದ. ಮರ ನಮ್ಮದಾಯಿತು. ಚಾಚಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಿಸಿಲಿನಲ್ಲಿ ಹೊಲಿಯತೊಡಗಿದಳು. ಅಪ್ಪ ಒಮ್ಮೆಯೂ ಆ ನೆರಳಿಗೆ ಹೋಗಲಿಲ್ಲ. ಅಜ್ಜ ಮಾತ್ರ ಮಧ್ಯಾಹ್ನ ಅಲ್ಲೇ ಹೊರಸು ಹಾಕಿಸಿಕೊಂಡು ಮಲಗುತ್ತಿದ್ದ. ಅವನ ಮೇಲೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಬಾಯಿ ತೆರೆದು ಮಲಗಿದ ಆ ಮುಖ ಕಂಡರೆ ಅಳುವೂ ಬರುತ್ತಿತ್ತು.

ಈಗ ಮೊಮ್ಮಕ್ಕಳಾದ ನಿಮ್ಮನ್ನು ನೋಡುತ್ತೇನೆ. ನಾನು ಒಬ್ಬರ ಹೆಸರು ಹಿಡಿದು ಇನ್ನೊಬ್ಬರನ್ನು ಕರೆದರೆ ಸಾಕು, ಬಂದವರ ಎದುರಿಗೇ "ಅಜ್ಜಿ, ತಪ್ಪು" ಎಂದು ನಗುತ್ತೀರಿ. ದೊಡ್ಡವರಿಗೆ ಹಾಗೆನ್ನಬಾರದೆಂದು ನಿಮ್ಮಮ್ಮ ಗದರುತ್ತಾಳೆ. ಗದರಲಿ ಬಿಡಿ. ನೀವು ಮಾತ್ರ ಹೇಳುವುದನ್ನು ನಿಲ್ಲಿಸಬೇಡಿ.