ಒಂದೇ ಬದಿಯ ಬ್ರೇಕು

ನನ್ನ ಹಳೆಯ ಪಿಕಪ್ ಗಾಡಿ ಧಾರವಾಡದ ಇಳಿಜಾರುಗಳಲ್ಲಿ ನಿಲ್ಲುವ ಮೊದಲು ಸ್ವಲ್ಪ ಯೋಚಿಸತೊಡಗಿದಾಗ ಹೆಂಡತಿ ಅದರಲ್ಲಿ ಕೂರುವುದನ್ನು ಬಿಟ್ಟಳು. ಕೊನೆಯ ಸಲ ಕೂತಿದ್ದಾಗ ದಾರಿಯುದ್ದಕ್ಕೂ ಕಾಲಡಿಯ ತಗಡನ್ನು ಒತ್ತುತ್ತಲೇ ಇದ್ದಳು, ಅಲ್ಲೂ ಒಂದು ಬ್ರೇಕು ಇರುವಂತೆ. ಭಾನುವಾರ ಗರಗದ ಅವಳ ತವರಿಗೆ ಒಂದು ಕಪಾಟು ಒಯ್ಯಬೇಕಿತ್ತು. ಕಪಾಟು ಗಾಡಿಯಲ್ಲಿ ಬರಲಿ, ತಾನು ಬಸ್ಸಿಗೆ ಬರುತ್ತೇನೆ ಎಂದಳು. ಮಾವನ ಮನೆಯ ಅಂಗಳದಲ್ಲಿ ಒಬ್ಬನೇ ಇಳಿಯುವುದು ನನಗೆ ಬೇಡವಾಗಿತ್ತು.

ಶುಕ್ರವಾರ ಬೆಳಿಗ್ಗೆ ಜಾಕ್ ಕೊಟ್ಟು ಮುಂದಿನ ಎರಡೂ ಗಾಲಿ ಬಿಚ್ಚಿದೆ. ಮನೆಯಲ್ಲೇ ಈ ಕೆಲಸ ಮಾಡುವವರಿಗೆ ಒಂದು ಮಾತು: ಜಾಕನ್ನು ನಂಬಬೇಡಿ, ಗಾಡಿಯ ಕೆಳಗೆ ಗಟ್ಟಿ ಮರದ ತುಂಡು ಕೊಡಿ. ಬ್ರೇಕಿನ ಡ್ರಮ್ ಕಳಚಿ ಬರದಿದ್ದರೆ ಸುತ್ತಲೂ ಮೆಲ್ಲಗೆ ಬಡಿಯಿರಿ. ಒಳಗಿನ ಧೂಳನ್ನು ಊದಬೇಡಿ, ಒದ್ದೆ ಅರಿವೆಯಿಂದ ಒರೆಸಿ. ಎಡಗಡೆಯ ಲೈನರ್, ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲಿಸುವ ಪಟ್ಟಿ, ಸವೆದು ರಿವೆಟ್ ಕಾಣುತ್ತಿತ್ತು. ಬಲಗಡೆಯದು ಇನ್ನೂ ಅರ್ಧ ಉಳಿದಿತ್ತು.

ಉಳಿದದ್ದನ್ನು ಎಸೆಯುವುದು ನನ್ನ ಜಾಯಮಾನವಲ್ಲ. ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ, ಎರಡು ಗಾಲಿಯ ಸೆಟ್ ಒಡೆದು ಒಂದೇ ಗಾಲಿಯದು ಕೊಡಿ ಎಂದು ಬಿಡಿಭಾಗದ ಅಂಗಡಿಯಲ್ಲಿ ಚೌಕಾಸಿಗೆ ನಿಂತೆ. ಎರಡೂ ಬದಿ ಒಟ್ಟಿಗೇ ಹಾಕಬೇಕೆಂದು ಅಂಗಡಿಯ ಮುದುಕ ಮೂರು ಸಲ ಹೇಳಿದ. ನಾನು ಎದ್ದು ಹೊರಟಂತೆ ಮಾಡಿದೆ. ಇದು ಫಲಿಸದ ಅಂಗಡಿಯನ್ನು ನಾನು ಇನ್ನೂ ಕಂಡಿಲ್ಲ. ಕೊಟ್ಟ.

ಹೆಂಡತಿ ಪೊಟ್ಟಣ ಬಿಚ್ಚಿ ನೋಡಿದಳು.

“ಒಂದ ಕಿವಿಗೆ ಬೆಂಡೋಲಿ ತಂದಂಗ ಆತಲ್ರೀ.”

ಸಂಜೆ ಅದನ್ನು ಎಡಗಾಲಿಗೆ ಹಾಕಿ, ಓಣಿಯಲ್ಲಿ ಓಡಿಸಿ ಪೆಡಲ್ ಒತ್ತಿದೆ. ಹೊಸ ಲೈನರಿನ ಎಡಗಾಲಿ ಕಚ್ಚಿ ಹಿಡಿಯಿತು, ಬಲಗಾಲಿ ಉರುಳುತ್ತಲೇ ಇತ್ತು. ಗಾಡಿ ಎಡಕ್ಕೆ ಎಳೆದು, ಪಕ್ಕದ ಮನೆಯ ಸಿಮೆಂಟಿನ ನೀರಿನ ಟಾಕಿಗೆ ಗೇಣು ದೂರದಲ್ಲಿ ನಿಂತಿತು. ಬಾಗಿಲಲ್ಲಿದ್ದ ಹೆಂಡತಿ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಗರಗದ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದಳು.

ಶನಿವಾರ ಅಂಗಡಿ ತೆರೆಯುವ ಮೊದಲೇ ಅಲ್ಲಿದ್ದೆ. ಮುದುಕ ಕಾಗದದಲ್ಲಿ ಸುತ್ತಿಟ್ಟಿದ್ದ ಸೆಟ್ಟಿನ ಉಳಿದರ್ಧವನ್ನು ಮುಂದಿಟ್ಟ.

“ನಿನ್ನೆನ ಕಟ್ಟಿ ಇಟ್ಟೇನ್ರಿ. ಒಡದ ಸೆಟ್ ನಿಮ್ಮನ್ನ ಬಿಟ್ಟು ಮತ್ತ್ಯಾರು ಒಯ್ತಾರ್ರಿ?”

ಕೇಳಿದಷ್ಟು ಕೊಟ್ಟು ತಂದು ಬಲಗಾಲಿಗೂ ಹಾಕಿದೆ. ಬೇರೆಲ್ಲದಕ್ಕೂ ಚೌಕಾಸಿ ಮಾಡಿ, ಬ್ರೇಕಿಗೆ ಬೇಡ.

ಭಾನುವಾರ ಅವಳು ಮೊದಲು ಓಣಿಯಲ್ಲಿ ಎರಡು ಸಲ ನಿಲ್ಲಿಸಿ ತೋರಿಸಲು ಹೇಳಿದಳು. ತೋರಿಸಿದ ಮೇಲೆ ಹತ್ತಿದಳು. ಗರಗದ ದಾರಿಯ ಮೊದಲ ಇಳಿಜಾರಿನಲ್ಲಿ ಗಾಡಿ ನೆಟ್ಟಗೆ ನಿಂತಿತು. ಹಿಂದೆ ಕಪಾಟು ಒಮ್ಮೆ ಕಿರುಗುಟ್ಟಿತು. ಅವಳ ಕಾಲು ಇನ್ನೂ ತಗಡನ್ನು ಒತ್ತಿಯೇ ಇತ್ತು. ಎರಡನೆಯ ಇಳಿಜಾರು ಬರುವಷ್ಟರಲ್ಲಿ ಆ ಕಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡಿದ್ದಳು.